ಕರೆಂಟ್ ಕಂಬ ಬಾರದ ಕ್ಯಾಬಿನ್‌ಗೆ ಸೋಲಾರ್ ಮತ್ತು ಬ್ಯಾಟರಿ: ಲೆಕ್ಕದಿಂದ ವೈರಿಂಗ್‌ವರೆಗೆ

ಕ್ಯಾಬಿನ್‌ಗೆ ಸೋಲಾರ್ ಹಾಕಿಸಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು "ಎಷ್ಟು ಕಿಲೋವ್ಯಾಟ್ ಬೇಕಾಗಬಹುದು?" ಅಂತ. ಇದಕ್ಕೆ ಉತ್ತರ ಕೊಡಲು ಎರಡು ವಿಷಯ ಗೊತ್ತಿರಬೇಕು. ದಿನಕ್ಕೆ ಎಷ್ಟು ಕರೆಂಟ್ ಖರ್ಚಾಗುತ್ತದೆ? ವರ್ಷದ ಅತಿ ಮಂಕು ತಿಂಗಳಲ್ಲಿ ಎಷ್ಟು ಬಿಸಿಲು ಸಿಗುತ್ತದೆ? ಇವೆರಡನ್ನು ಕೇಳದೆ ಯಾರಾದರೂ ಉತ್ತರ ಕೊಟ್ಟರೆ ಅದು ಬಾಯಿಗೆ ಬಂದ ಸಂಖ್ಯೆ ಅಷ್ಟೇ.

ಲೈನ್ ಕರೆಂಟ್ ಇರುವ ಮನೆಯ ಸೋಲಾರ್ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಅಲ್ಲಿ ಕಡಿಮೆ ಬಿದ್ದರೆ ಗ್ರಿಡ್ ಕೊಡುತ್ತದೆ, ಮಿಕ್ಕಿದ್ದನ್ನು ಗ್ರಿಡ್ ತೆಗೆದುಕೊಳ್ಳುತ್ತದೆ. ವರ್ಷದ ಸರಾಸರಿ ನೋಡಿದರೆ ಸಾಕು. ಕ್ಯಾಬಿನ್‌ನಲ್ಲಿ ಸರಾಸರಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಬೇಸಿಗೆಯಲ್ಲಿ ಎಷ್ಟೇ ಕರೆಂಟ್ ಮಿಕ್ಕಿದ್ದರೂ ಮೋಡದ ತಿಂಗಳ ಮೂರನೇ ದಿನ ಫ್ರಿಜ್ ನಿಂತರೆ ನಿಂತಿದ್ದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಬ್ಯಾಟರಿಗೆ ಜಾಸ್ತಿ ಹಣ ಸುರಿಯುತ್ತಾರೆ, ಪ್ಯಾನೆಲ್‌ನಲ್ಲಿ ಕೈ ಬಿಗಿ ಹಿಡಿಯುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗು. ಮೊದಲು ಖರ್ಚು ಇಳಿಸಿ, ಆಮೇಲೆ ಪ್ಯಾನೆಲ್ ಹೆಚ್ಚಿಸಿ, ಕೊನೆಗೆ ಬ್ಯಾಟರಿ ನೋಡಿ. ಯಾಕೆ ಅನ್ನುವುದು ಮುಂದೆ ಲೆಕ್ಕದಲ್ಲೇ ಸಿಗುತ್ತದೆ.

ಹಂತ 1: ದಿನದ ಖರ್ಚು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಉಪಕರಣದ ವ್ಯಾಟ್, ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಎರಡನ್ನೂ ಬರೆದು ಗುಣಿಸಿ. ಬರುವುದು ವ್ಯಾಟ್-ಅವರ್. ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್.

ಒಂದು ಸಾಧಾರಣ ಕ್ಯಾಬಿನ್‌ನ ಪಟ್ಟಿ ಹೀಗಿರಬಹುದು:

- ಎಲ್‌ಇಡಿ ದೀಪ, 8 ವ್ಯಾಟ್‌ನದು 6, ದಿನಕ್ಕೆ 5 ಗಂಟೆ: 240
- ಸಣ್ಣ ಫ್ರಿಜ್, ಕರೆಂಟ್ ಕಡಿಮೆ ಎಳೆಯುವಂಥದ್ದು: 600
- ಬಿಎಲ್‌ಡಿಸಿ ಫ್ಯಾನ್, 30 ವ್ಯಾಟ್‌ನದು 2, 8 ಗಂಟೆ: 480
- ಲ್ಯಾಪ್‌ಟಾಪ್, 50 ವ್ಯಾಟ್, 4 ಗಂಟೆ: 200
- ಮೊಬೈಲ್ ಚಾರ್ಜಿಂಗ್: 40
- ಇಂಟರ್ನೆಟ್ ರೌಟರ್, 10 ವ್ಯಾಟ್, 24 ಗಂಟೆ: 240
- ನೀರಿನ ಪಂಪ್, 750 ವ್ಯಾಟ್, ಅರ್ಧ ಗಂಟೆ: 375

ಒಟ್ಟು 2,175 ವ್ಯಾಟ್-ಅವರ್. ಇಲ್ಲಿ ಒಂದು ವಿಷಯ ಗಮನಿಸಿ. ಬರೀ 10 ವ್ಯಾಟ್‌ನ ರೌಟರ್ ಮನೆಯ ಎಲ್ಲ ದೀಪಗಳಷ್ಟೇ ಕರೆಂಟ್ ತಿನ್ನುತ್ತಿದೆ. ಇಡೀ ದಿನ ಓಡುವ ಸಣ್ಣ ವಸ್ತುಗಳು ಹೀಗೇ. ಅವು ಕಣ್ಣಿಗೆ ಬೀಳುವುದಿಲ್ಲ, ಬ್ಯಾಟರಿಗೆ ಬೀಳುತ್ತವೆ.

ಇನ್ನೂ ಕಣ್ಣಿಗೆ ಬೀಳದ್ದು ಇನ್ವರ್ಟರ್. ಏನೂ ಓಡದಿದ್ದರೂ ಆನ್ ಇದ್ದಷ್ಟು ಹೊತ್ತೂ ಅದು ತನಗಾಗಿಯೇ ಕರೆಂಟ್ ಬಳಸುತ್ತದೆ. 20 ವ್ಯಾಟ್ ಅಂದುಕೊಂಡರೂ ದಿನಕ್ಕೆ 480 ವ್ಯಾಟ್-ಅವರ್, ಅಂದರೆ ಎರಡು ಫ್ಯಾನ್ ಓಡಿಸಿದಷ್ಟು! ಜೊತೆಗೆ ಬ್ಯಾಟರಿಯ ಡಿಸಿಯನ್ನು ಮನೆಬಳಕೆಯ ಎಸಿ ಮಾಡುವಾಗ ಸುಮಾರು ಶೇ 10 ಸೋರಿಹೋಗುತ್ತದೆ. ಹಾಗಾಗಿ 2,175ನ್ನು 0.9ರಿಂದ ಭಾಗಿಸಿ, 480 ಸೇರಿಸಿ. ಬರುವುದು ಹೆಚ್ಚುಕಡಿಮೆ 2,900. ನಷ್ಟವನ್ನು ಸ್ವಲ್ಪ ಮಟ್ಟಿಗೆ ಎರಡು ಸಲ ಹಿಡಿದಂತಾಯಿತು, ಇರಲಿ. ಈ ಲೆಕ್ಕದಲ್ಲಿ ಮೇಲಕ್ಕೆ ತಪ್ಪಿದರೆ ತೊಂದರೆಯಿಲ್ಲ.

ಮುಂದಿನ ಲೆಕ್ಕವೆಲ್ಲ ಈ 2.9 ಯೂನಿಟ್ ಮೇಲೆ ನಿಂತಿದೆ. ನಿಮ್ಮ ಸಂಖ್ಯೆ ಬೇರೆ ಇದ್ದರೆ ಅದನ್ನೇ ಇಟ್ಟುಕೊಂಡು ಜೊತೆಜೊತೆಗೆ ಮಾಡಿಕೊಂಡು ಹೋಗಿ. ಫ್ರಿಜ್‌ನಂಥ ಉಪಕರಣಕ್ಕೆ ಲೇಬಲ್ ನಂಬಬೇಡಿ. ಅದರ ಕಂಪ್ರೆಸರ್ ಆಗಾಗ ನಿಂತು ಓಡುತ್ತದೆ, ಹಾಗಾಗಿ ವ್ಯಾಟ್ ನೋಡಿ ಗಂಟೆ ಊಹಿಸಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಪ್ಲಗ್‌ಗೆ ಸಿಕ್ಕಿಸುವ ಎನರ್ಜಿ ಮೀಟರ್ ಸಿಗುತ್ತದೆ. ಎರಡು ಮೂರು ದಿನ ಅದರ ಮೂಲಕ ಓಡಿಸಿ ನೋಡಿ.

ಹಂತ 2: ಖರ್ಚು ಇಳಿಸಿ

ಕಾಯಿಸುವ ಕೆಲಸ ಯಾವುದೂ ಬ್ಯಾಟರಿಯ ಮೇಲೆ ಬೇಡ. ನೀರು ಕಾಯಿಸುವ ಗೀಸರ್, ರೂಮ್ ಹೀಟರ್, ಇಂಡಕ್ಷನ್ ಒಲೆ ಎಲ್ಲವೂ ಈ ಪಟ್ಟಿಯಿಂದ ಹೊರಗಿರಲಿ. 2,000 ವ್ಯಾಟ್‌ನ ಗೀಸರ್ ಒಂದು ಗಂಟೆ ಓಡಿದರೆ 2 ಯೂನಿಟ್ ಹೋಯಿತು. ನಮ್ಮ ಲೆಕ್ಕದ ಕ್ಯಾಬಿನ್ ಇಡೀ ದಿನ ಬಳಸುವುದೇ 2.9 ಅಲ್ವಾ? ಅಡುಗೆಗೆ ಗ್ಯಾಸ್ ಅಥವಾ ಸೌದೆ, ಸ್ನಾನದ ನೀರಿಗೆ ಸೋಲಾರ್ ವಾಟರ್ ಹೀಟರ್ ಸರಿಯಾದ ದಾರಿ. ಒಳ್ಳೆ ಬಿಸಿಲಿನ ದಿನ, ಬ್ಯಾಟರಿ ತುಂಬಿದ ಮೇಲೆ ಮಧ್ಯಾಹ್ನ ಇಂಡಕ್ಷನ್ ಹಚ್ಚುವುದು ಬೇರೆ ಮಾತು. ಅದು ಹೇಗೂ ವ್ಯರ್ಥವಾಗುವ ಕರೆಂಟ್.

ಆಮೇಲೆ ಪಂಪ್. ಅದನ್ನು ಹಗಲು ಹೊತ್ತು, ಬಿಸಿಲು ಚೆನ್ನಾಗಿರುವಾಗ ಓಡಿಸಿ ಎತ್ತರದ ಟ್ಯಾಂಕ್‌ಗೆ ನೀರು ತುಂಬಿಸಿಟ್ಟುಕೊಳ್ಳಿ. ರಾತ್ರಿ ನಲ್ಲಿ ತಿರುಗಿಸಿದಾಗಲೆಲ್ಲ ಪಂಪ್ ಓಡುವ ವ್ಯವಸ್ಥೆ ಮಾಡಿಕೊಂಡರೆ ಬ್ಯಾಟರಿಗೆ ಬೇಡದ ಕೆಲಸ.

ದೀಪ, ರೌಟರ್, ಮೊಬೈಲ್ ಚಾರ್ಜರ್‌ಗಳನ್ನು ಕನ್ವರ್ಟರ್ ಇಟ್ಟು ನೇರ ಡಿಸಿಯಲ್ಲೇ ಓಡಿಸಬಹುದು. ಫ್ರಿಜ್ ಕೂಡ ಡಿಸಿಯದ್ದಾದರೆ ರಾತ್ರಿ ಇನ್ವರ್ಟರ್ ಆಫ್ ಮಾಡಿ ಮಲಗಬಹುದು. ವಾರಾಂತ್ಯಕ್ಕೆ ಮಾತ್ರ ಹೋಗುವ ಸಣ್ಣ ಕ್ಯಾಬಿನ್‌ಗೆ ಇದು ಒಳ್ಳೆಯದು. ಖಾಯಂ ವಾಸಕ್ಕಾದರೆ ಎರಡೆರಡು ವೈರಿಂಗ್ ಕಿರಿಕಿರಿ ಬೇಡ, ಎಲ್ಲ ಎಸಿಯಲ್ಲೇ ಇರಲಿ ಅನ್ನುವ ಪಕ್ಷ ನನ್ನದು.

ಹಂತ 3: ಬಿಸಿಲು ಅಳೆಯಿರಿ, ಅದೂ ಕೆಟ್ಟ ತಿಂಗಳಿನದು

ಸೋಲಾರ್ ಲೆಕ್ಕದಲ್ಲಿ "ಪೀಕ್ ಸನ್ ಅವರ್" ಅನ್ನುವ ಮಾತು ಬರುತ್ತದೆ. ಚದರ ಮೀಟರ್‌ಗೆ 1,000 ವ್ಯಾಟ್ ಬಿಸಿಲು ಒಂದು ಗಂಟೆ ಬಿದ್ದರೆ ಅದು ಒಂದು ಪೀಕ್ ಸನ್ ಅವರ್. ಬೆಳಗ್ಗೆಯಿಂದ ಸಂಜೆವರೆಗೆ 11 ಗಂಟೆ ಬೆಳಕಿದ್ದರೂ ಪೀಕ್ ಸನ್ ಅವರ್ ಬರೀ 4 ಇರಬಹುದು.

ಇದನ್ನು ಊಹಿಸಬೇಕಿಲ್ಲ. ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್, ಅಮೆರಿಕದ ಪಿವಿವ್ಯಾಟ್ಸ್, ವಿಶ್ವಬ್ಯಾಂಕ್ ಹೊರತಂದ ಗ್ಲೋಬಲ್ ಸೋಲಾರ್ ಅಟ್ಲಾಸ್, ಮೂರೂ ಉಚಿತ. ನಕ್ಷೆಯಲ್ಲಿ ನಿಮ್ಮ ಜಾಗ ಗುರುತಿಸಿ ತಿಂಗಳವಾರು ಅಂಕಿ ತೆಗೆಯಿರಿ. ಪಿವಿಜಿಐಎಸ್‌ನಲ್ಲಿ ಗ್ರಿಡ್ ಇಲ್ಲದ ವ್ಯವಸ್ಥೆಗೆಂದೇ ಬೇರೆ ವಿಭಾಗವಿದೆ. ಪ್ಯಾನೆಲ್, ಬ್ಯಾಟರಿ, ದಿನದ ಖರ್ಚು ಕೊಟ್ಟರೆ ಎಷ್ಟು ದಿನ ಬ್ಯಾಟರಿ ತುಂಬುತ್ತದೆ, ಎಷ್ಟು ದಿನ ಖಾಲಿಯಾಗುತ್ತದೆ ಅಂತ ತಿಂಗಳವಾರು ತೋರಿಸುತ್ತದೆ. ಕೊನೆಗೆ ನಿಮ್ಮ ಲೆಕ್ಕವನ್ನು ಒಮ್ಮೆ ಅಲ್ಲಿ ಹಾಕಿ ನೋಡುವುದು ಜಾಣತನ.

ನೀವು ಕ್ಯಾಬಿನ್‌ನಲ್ಲಿ ಇರುವ ತಿಂಗಳುಗಳ ಪೈಕಿ ಅತಿ ಕಡಿಮೆ ಬಿಸಿಲಿನದನ್ನು ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ಹೋಗುವವರು ಚಳಿಗಾಲದ ಲೆಕ್ಕಕ್ಕೆ ದುಡ್ಡು ಹಾಕಬೇಕಿಲ್ಲ. ಇಲ್ಲಿ ಕೆಟ್ಟ ತಿಂಗಳಿಗೆ 3.5 ಪೀಕ್ ಸನ್ ಅವರ್ ಅಂತ ಇಟ್ಟುಕೊಳ್ಳೋಣ.

ಜಾಗದ ನೆರಳು ಈ ವೆಬ್‌ಸೈಟ್‌ಗಳಿಗೆ ಗೊತ್ತಿರುವುದಿಲ್ಲ. ಬೆಟ್ಟದ ನೆರಳನ್ನು ಕೆಲವು ಹಿಡಿಯುತ್ತವೆ, ಪಕ್ಕದ ಮರವನ್ನು ಹಿಡಿಯುವುದಿಲ್ಲ. ಅದಕ್ಕೆ ನೀವೇ ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಜಾಗದಲ್ಲಿ ನಿಂತು ನೋಡಬೇಕು. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಹೋಗುವುದರಿಂದ ಬೇಸಿಗೆಯಲ್ಲಿ ಇಲ್ಲದ ನೆರಳು ಆಗ ಬರುತ್ತದೆ. ಸೂರ್ಯನ ದಾರಿ ತೋರಿಸುವ ಮೊಬೈಲ್ ಆ್ಯಪ್‌ಗಳು ಇದಕ್ಕೆ ನೆರವಾಗುತ್ತವೆ. ಸಾಮಾನ್ಯ ಪ್ಯಾನೆಲ್‌ನ ಒಳಗೆ ಮೂರು ಬೈಪಾಸ್ ಡಯೋಡ್ ಇರುತ್ತವೆ, ನೆರಳಿಗೆ ಬಿದ್ದ ಭಾಗವನ್ನು ಬದಿಗಿಟ್ಟು ಕರೆಂಟ್ ದಾಟಿಸುವುದು ಅವುಗಳ ಕೆಲಸ. ಒಂದೇ ಒಂದು ಸೆಲ್ ಪೂರ್ತಿ ನೆರಳಿಗೆ ಬಿದ್ದರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೈಕೊಡಬಹುದು. ಒಂದು ಕೊಂಬೆಯ ನೆರಳು ಅಂತ ಹಗುರವಾಗಿ ನೋಡಬೇಡಿ.

ಹಂತ 4: ಪ್ಯಾನೆಲ್ ಎಷ್ಟು?

400 ವ್ಯಾಟ್ ಅಂತ ಬರೆದ ಪ್ಯಾನೆಲ್ ಮಾಡಿನ ಮೇಲೆ 400 ಕೊಡುವುದು ಅಪರೂಪ. ಆ ಸಂಖ್ಯೆ ಪ್ರಯೋಗಾಲಯದ್ದು. 1,000 ವ್ಯಾಟ್ ಬಿಸಿಲು, ಸೆಲ್‌ನ ಬಿಸಿ 25 ಡಿಗ್ರಿ ಇದ್ದಾಗ ಅಳೆದದ್ದು. ಬಿಸಿಲಲ್ಲಿ ಕಾದ ಸೆಲ್ ಸುಲಭವಾಗಿ 60 ಡಿಗ್ರಿ ದಾಟುತ್ತದೆ, ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ಧೂಳು, ವೈರ್, ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ ಮತ್ತು ಬ್ಯಾಟರಿ ನಡುವೆ ಕೂತು ಚಾರ್ಜಿಂಗ್ ಹತೋಟಿಯಲ್ಲಿಡುವ ಪೆಟ್ಟಿಗೆ), ಬ್ಯಾಟರಿಯ ನಷ್ಟ ಎಲ್ಲ ಸೇರಿದರೆ ಕೈಗೆ ಸಿಗುವುದು ಶೇ 70 ಅಂತ ಹಿಡಿಯುವುದು ಸುರಕ್ಷಿತ.

ಈಗ ಲೆಕ್ಕ. 2,900ನ್ನು 3.5ರಿಂದ, ಆಮೇಲೆ 0.7ರಿಂದ ಭಾಗಿಸಿ. 1,184 ವ್ಯಾಟ್. ಅಂದರೆ 400 ವ್ಯಾಟ್‌ನ ಮೂರು ಪ್ಯಾನೆಲ್ ಸಾಕು ಅನ್ನಿಸುತ್ತದೆ, ಅಲ್ವಾ?

ಸಾಕಾಗುವುದಿಲ್ಲ. ಮೂರು ಪ್ಯಾನೆಲ್ ಕೆಟ್ಟ ತಿಂಗಳಲ್ಲಿ ದಿನಕ್ಕೆ 2,940 ವ್ಯಾಟ್-ಅವರ್ ಕೊಡುತ್ತವೆ, ಖರ್ಚು 2,900. ಮಿಗುವುದು 40. ಎರಡು ದಿನ ದಟ್ಟ ಮೋಡ ಕವಿದು ಬ್ಯಾಟರಿ ಇಳಿದರೆ ಅದನ್ನು ಮತ್ತೆ ತುಂಬಿಸಲು ಈ ವ್ಯವಸ್ಥೆಯ ಹತ್ತಿರ ಏನೂ ಇಲ್ಲ. ಆ ತಿಂಗಳಿಡೀ ಬ್ಯಾಟರಿ ತಳದಲ್ಲೇ ಇರುತ್ತದೆ. ಇಂಥ ಕಡೆ ಇನ್ನೊಂದು ಬ್ಯಾಟರಿ ತಂದಿಟ್ಟರೆ ಏನಾಗುತ್ತದೆ? ಇನ್ನೊಂದು ಖಾಲಿ ಬ್ಯಾಟರಿ. ಬರಿದಾದ ಬಾವಿಯ ಪಕ್ಕ ದೊಡ್ಡ ತೊಟ್ಟಿ ಕಟ್ಟಿಸಿದ ಹಾಗೆ.

ಮೋಡದ ದಿನ ಪ್ಯಾನೆಲ್‌ಗಳು ಶೇ 20ರಷ್ಟು ಕೊಡುತ್ತವೆ ಅಂದುಕೊಂಡು ಬೇರೆ ಬೇರೆ ಗಾತ್ರಗಳನ್ನು ನೋಡೋಣ. ದಟ್ಟ ಮೋಡದಲ್ಲಿ ಇದು ಶೇ 10ಕ್ಕೂ ಇಳಿಯಬಹುದು, ತೆಳು ಮೋಡದಲ್ಲಿ ಏರಬಹುದು.

ನಾಲ್ಕು ಪ್ಯಾನೆಲ್, 1,600 ವ್ಯಾಟ್. ಒಳ್ಳೆ ದಿನ 3,920 ಬರುತ್ತದೆ, 1,020 ಮಿಗುತ್ತದೆ. ಎರಡು ಮೋಡದ ದಿನಗಳಲ್ಲಿ ಬ್ಯಾಟರಿಯಿಂದ ಸುಮಾರು 4,230 ಹೋಗುತ್ತದೆ. ಮತ್ತೆ ತುಂಬಲು ನಾಲ್ಕು ಒಳ್ಳೆ ದಿನ ಬೇಕು. ಕೆಟ್ಟ ತಿಂಗಳಲ್ಲಿ ಸಾಲಾಗಿ ನಾಲ್ಕು ಒಳ್ಳೆ ದಿನ ಎಲ್ಲಿಂದ ತರುವುದು?

ಆರು ಪ್ಯಾನೆಲ್, 2,400 ವ್ಯಾಟ್. ಒಳ್ಳೆ ದಿನ 5,880, ಮಿಗುವುದು 2,980. ಮೋಡದ ದಿನವೂ 1,176 ಬರುವುದರಿಂದ ಎರಡು ದಿನಕ್ಕೆ ಬ್ಯಾಟರಿಯಿಂದ ಹೋಗುವುದು 3,450ರಷ್ಟು ಮಾತ್ರ. ಅದು ತುಂಬಲು ಒಂದು ದಿನ, ಮರುದಿನ ಬೆಳಗ್ಗೆ ಸ್ವಲ್ಪ ಹೊತ್ತು.

ಮೂರು ಸಾಕು ಅಂದ ಕಡೆ ಆರು ಹಾಕಿದ್ದೇವೆ. ಅತಿಯಾಯಿತು ಅನ್ನಿಸಬಹುದು, ಆದರೆ ಇಡೀ ವ್ಯವಸ್ಥೆಯಲ್ಲಿ ವ್ಯಾಟ್ ಲೆಕ್ಕಕ್ಕೆ ಅಗ್ಗವಾದ, 25 ವರ್ಷ ಬಾಳುವ, ತಿರುಗುವ ಭಾಗ ಯಾವುದೂ ಇಲ್ಲದ ವಸ್ತು ಅಂದರೆ ಪ್ಯಾನೆಲ್ಲೇ. ಬೆಲ್ ಲ್ಯಾಬ್ಸ್ 1954ರಲ್ಲಿ ತೋರಿಸಿದ ಸಿಲಿಕಾನ್ ಸೆಲ್‌ನ ದಕ್ಷತೆ ಸುಮಾರು ಶೇ 6 ಇತ್ತು. ಇವತ್ತಿನ ಸಾಮಾನ್ಯ ಪ್ಯಾನೆಲ್ ಶೇ 20 ದಾಟುತ್ತದೆ. ಆರು ಪ್ಯಾನೆಲ್‌ಗೆ ಬೇಕಾದ ಜಾಗ ಬರೀ 12 ಚದರ ಮೀಟರ್.

ಕೂರಿಸುವ ಕೋನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ. ಇಳಿಜಾರು ಆ ಜಾಗದ ಅಕ್ಷಾಂಶದಷ್ಟು. ಚಳಿಗಾಲವೇ ಕೆಟ್ಟ ಕಾಲವಾದರೆ 10ರಿಂದ 15 ಡಿಗ್ರಿ ಹೆಚ್ಚು ನೆಟ್ಟಗೆ ನಿಲ್ಲಿಸಿ. ಹಿಮ ಬೀಳುವ ಕಡೆ ಇದರಿಂದ ಹಿಮವೂ ಜಾರುತ್ತದೆ. ಮಾಡಿನ ಮೇಲೆ ಹಾಕುವುದಾದರೆ ಪ್ಯಾನೆಲ್ ಕೆಳಗೆ ಗಾಳಿ ಆಡಲು ಒಂದು ಗೇಣು ಜಾಗ ಬಿಡಿ. ನೆಲದ ಮೇಲೆ ಸ್ಟ್ಯಾಂಡ್ ಹಾಕಿದರೆ ಒರೆಸಲು ಸುಲಭ, ನೆರಳು ತಪ್ಪಿಸಿ ಬೇಕಾದ ಕಡೆ ಇಡಬಹುದು. ಆದರೆ ಗಾಳಿಗೆ ಎದ್ದುಹೋಗದಂತೆ ಕಾಂಕ್ರೀಟ್ ಬುಡ ಬೇಕೇ ಬೇಕು.

ಹಂತ 5: ಬ್ಯಾಟರಿ ಯಾವುದು, ಎಷ್ಟು?

ಆಯ್ಕೆ ಮುಖ್ಯವಾಗಿ ಎರಡು. ಹಳೆಯ ಲೆಡ್ ಆಸಿಡ್, ಇಲ್ಲವೇ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ.

ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. ಆಗಾಗ ಪೂರ್ತಿ ತುಂಬದಿದ್ದರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮೋಡದ ತಿಂಗಳಲ್ಲಿ ಎರಡೂ ಒಟ್ಟಿಗೇ ಆಗುತ್ತವೆ, ಅದೇ ಇದರ ಗ್ರಹಚಾರ. ತುಂಬಿಸಿದ್ದರಲ್ಲಿ ಶೇ 15ರಿಂದ 20 ಸೋರಿಹೋಗುತ್ತದೆ. ಎಲ್‌ಎಫ್‌ಪಿಯನ್ನು ಶೇ 80ರವರೆಗೆ ಆರಾಮವಾಗಿ ಬಳಸಬಹುದು, ಸಾವಿರಾರು ಸಲ ಇಳಿಸಿ ತುಂಬಿಸಬಹುದು. ಅರ್ಧ ತುಂಬಿದ ಸ್ಥಿತಿಯಲ್ಲಿ ವಾರಗಟ್ಟಲೆ ಇದ್ದರೂ ಅದಕ್ಕೆ ಬೇಸರವಿಲ್ಲ. ಕ್ಯಾಬಿನ್‌ಗೆ ಈ ಗುಣವೇ ಎಲ್ಲಕ್ಕಿಂತ ದೊಡ್ಡದು.

ಒಂದೇ ತೊಡಕು ಚಳಿ. ಸೆಲ್ 0 ಡಿಗ್ರಿಗಿಂತ ಕೆಳಗಿದ್ದಾಗ ಎಲ್‌ಎಫ್‌ಪಿಯನ್ನು ಚಾರ್ಜ್ ಮಾಡಲೇಬಾರದು. ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಹೆಪ್ಪುಗಟ್ಟುವ ಚಳಿಯ ಜಾಗವಾದರೆ ಚಳಿಗೆ ಚಾರ್ಜಿಂಗ್ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯ ಒಳಗಿನ ಕಾವಲು ಸರ್ಕ್ಯೂಟ್) ಇದೆಯೇ ಅಂತ ಕೇಳಿ. ಒಳಗೇ ಹೀಟರ್ ಇರುವ ಬ್ಯಾಟರಿ ಇನ್ನೂ ಒಳ್ಳೆಯದು. ಸೆಕೆಯೂ ಬ್ಯಾಟರಿಗೆ ಒಳ್ಳೆಯದಲ್ಲ. ಲೆಡ್ ಆಸಿಡ್‌ನಲ್ಲಿ 25 ಡಿಗ್ರಿ ಮೇಲೆ ಪ್ರತಿ 8-10 ಡಿಗ್ರಿಗೆ ಆಯುಸ್ಸು ಅರ್ಧವಾಗುತ್ತದೆ ಅನ್ನುವುದು ಹಳೆಯ ಲೆಕ್ಕ. ಹಾಗಾಗಿ ಬಿಸಿಲಿಗೆ ಕಾಯುವ ಅಟ್ಟದ ಮೇಲೆ ಯಾವ ಬ್ಯಾಟರಿಯೂ ಬೇಡ.

ಗಾತ್ರದ ಲೆಕ್ಕ: ದಿನದ 2.9 ಯೂನಿಟ್, ಎರಡು ದಿನಕ್ಕೆ 5.8. ಶೇ 80 ಬಳಸುವುದರಿಂದ 0.8ರಿಂದ ಭಾಗಿಸಿ. 7.25 ಯೂನಿಟ್. 51.2 ವೋಲ್ಟ್ (ಬಳಕೆಯಲ್ಲಿ ಇದನ್ನೇ 48 ವೋಲ್ಟ್ ಅನ್ನುತ್ತಾರೆ), 100 ಆ್ಯಂಪಿಯರ್-ಅವರ್‌ನ ಎಲ್‌ಎಫ್‌ಪಿ ಒಂದರಲ್ಲಿ 5.12 ಯೂನಿಟ್ ಹಿಡಿಯುತ್ತದೆ. ಎರಡು ತೆಗೆದುಕೊಂಡರೆ 10.24. ಇದೇ ಕೆಲಸ ಲೆಡ್ ಆಸಿಡ್‌ನಲ್ಲಿ ಮಾಡಲು 11.6 ಯೂನಿಟ್ ಬೇಕು, ತೂಕ 300 ಕಿಲೋ ದಾಟುತ್ತದೆ. ಎಲ್‌ಎಫ್‌ಪಿ ಎರಡೂ ಸೇರಿ 100 ಕಿಲೋ ಆಸುಪಾಸು. ದಾರಿ ಸರಿಯಿಲ್ಲದ ಕಡೆ ಹೊತ್ತುಕೊಂಡು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡು ದಿನದ ಲೆಕ್ಕದಲ್ಲಿ ಪ್ಯಾನೆಲ್‌ನಿಂದ ಏನೂ ಬರುವುದಿಲ್ಲ ಅಂತ ಹಿಡಿದಿದ್ದೇವೆ. ನಿಜದಲ್ಲಿ ಆರು ಪ್ಯಾನೆಲ್ ಮೋಡದಲ್ಲೂ ಒಂದು ಯೂನಿಟ್‌ಗಿಂತ ಜಾಸ್ತಿ ಕೊಡುತ್ತವೆ. ಹಾಗಾಗಿ ಈ ಎರಡು ಬ್ಯಾಟರಿ ಸಾಲಾಗಿ ನಾಲ್ಕು ಮೋಡದ ದಿನವನ್ನೂ ತಡೆದುಕೊಳ್ಳುತ್ತವೆ. ಒಂದೇ ಬ್ಯಾಟರಿ ಇದ್ದರೂ ಎರಡು ದಿನ ಚಿಲ್ಲರೆ. ಹಣ ಸಾಲದಿದ್ದರೆ ಆರು ಪ್ಯಾನೆಲ್, ಒಂದು ಬ್ಯಾಟರಿಯಿಂದ ಶುರು ಮಾಡಿ. ಎಲ್‌ಎಫ್‌ಪಿಗೆ ಅದೇ ಕಂಪನಿಯ ಅದೇ ಮಾಡೆಲ್ ಇನ್ನೊಂದನ್ನು ಆಮೇಲೆ ಸೇರಿಸಬಹುದು. ಲೆಡ್ ಆಸಿಡ್‌ನಲ್ಲಿ ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ.

ಹಂತ 6: 12 ವೋಲ್ಟೋ, 48 ವೋಲ್ಟೋ

ಎರಡು ದೀಪ, ಒಂದು ಮೊಬೈಲ್ ಚಾರ್ಜರ್ ಅಷ್ಟೇ ಇದ್ದರೆ 12 ವೋಲ್ಟ್ ಸಾಕು. ಸಾವಿರ ವ್ಯಾಟ್ ದಾಟುವ ಯಾವ ವ್ಯವಸ್ಥೆಗೂ 48 ವೋಲ್ಟ್‌ಗೆ ಹೋಗಿ. 2,400 ವ್ಯಾಟ್ ಎಳೆಯಲು 12 ವೋಲ್ಟ್‌ನಲ್ಲಿ 200 ಆ್ಯಂಪಿಯರ್ ಹರಿಯಬೇಕು, 48ರಲ್ಲಿ 50 ಸಾಕು. ವೈರ್‌ನಲ್ಲಿ ಆಗುವ ನಷ್ಟ ಆ್ಯಂಪಿಯರ್‌ನ ವರ್ಗದಂತೆ ಏರುತ್ತದೆ. ಅದೇ ವೈರ್‌ನಲ್ಲಿ ನಷ್ಟ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ.

ಹಂತ 7: ಚಾರ್ಜ್ ಕಂಟ್ರೋಲರ್ ಮತ್ತು ಪ್ಯಾನೆಲ್ ಜೋಡಣೆ

ಇಲ್ಲಿ ನಿಧಾನವಾಗಿ ಓದಿ. ಹೊಸ ಕಂಟ್ರೋಲರ್ ಮೊದಲ ಚಳಿಗಾಲದ ಬೆಳಗ್ಗೆಯೇ ಸುಟ್ಟುಹೋಗುವುದು ಈ ಹಂತದ ತಪ್ಪಿನಿಂದ.

ಕಂಟ್ರೋಲರ್‌ನಲ್ಲಿ ಪಿಡಬ್ಲ್ಯೂಎಂ, ಎಂಪಿಪಿಟಿ ಅಂತ ಎರಡು ಬಗೆ. ಪಿಡಬ್ಲ್ಯೂಎಂ ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ, ಮೇಲಿನದು ವ್ಯರ್ಥ. ಎಂಪಿಪಿಟಿ ಆ ಹೆಚ್ಚುವರಿ ವೋಲ್ಟೇಜನ್ನು ಆ್ಯಂಪಿಯರ್ ಆಗಿ ಬದಲಾಯಿಸಿ ಕೊಡುತ್ತದೆ. ನಮ್ಮ ಗಾತ್ರಕ್ಕೆ ಎಂಪಿಪಿಟಿ ಬಿಟ್ಟು ಬೇರೆ ಯೋಚಿಸಬೇಡಿ. 2,400ನ್ನು 48ರಿಂದ ಭಾಗಿಸಿದರೆ 50 ಆ್ಯಂಪಿಯರ್. 60 ಆ್ಯಂಪಿಯರ್‌ನದನ್ನು ತೆಗೆದುಕೊಳ್ಳಿ.

ಅದರ ಮೇಲೆ ಗರಿಷ್ಠ ವೋಲ್ಟೇಜ್ ಬರೆದಿರುತ್ತದೆ. 150 ವೋಲ್ಟ್ ಅಂದುಕೊಳ್ಳೋಣ. ನಮ್ಮ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಏನನ್ನೂ ಜೋಡಿಸದೆ ಇರುವಾಗಿನದು, 37; ಕೆಲಸ ಮಾಡುವಾಗಿನ ವೋಲ್ಟೇಜ್ 31. ನಾಲ್ಕು ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರುವಂತೆ, ಹಾಕಿದರೆ 148 ವೋಲ್ಟ್. 150ರ ಒಳಗೇ ಇದೆ ಅನ್ನಿಸುತ್ತದೆ. ಆದರೆ ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ 0.27. ಬೆಳಗ್ಗೆ 5 ಡಿಗ್ರಿ ಚಳಿ ಇದ್ದರೆ 25ಕ್ಕಿಂತ 20 ಡಿಗ್ರಿ ಕಡಿಮೆ, ಅಂದರೆ ಶೇ 5.4 ಏರಿಕೆ. 148 ಹೋಗಿ 156 ಆಯಿತು. ಸೂರ್ಯ ಹುಟ್ಟಿ ಪ್ಯಾನೆಲ್ ಇನ್ನೂ ಬಿಸಿಯಾಗುವ ಮೊದಲೇ ಕಂಟ್ರೋಲರ್ ಕಥೆ ಮುಗಿಯಿತು. ಇಂಥದ್ದಕ್ಕೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಹಾಗಾದರೆ ಎರಡೆರಡು ಹಾಕಿದರೆ? 31ರ ಎರಡು ಪಟ್ಟು 62. ಸುಡುಬಿಸಿಲಲ್ಲಿ ಸೆಲ್ 65 ಡಿಗ್ರಿಗೆ ಹೋದಾಗ ಇದು 53ಕ್ಕೆ ಇಳಿಯುತ್ತದೆ. 48 ವೋಲ್ಟ್‌ನ ಎಲ್‌ಎಫ್‌ಪಿ ತುಂಬಲು ಬೇಕಾದದ್ದು 56ರ ಆಸುಪಾಸು. ಮಧ್ಯಾಹ್ನ ಬಿಸಿಲು ಉರಿಯುತ್ತಿದ್ದರೂ ಬ್ಯಾಟರಿ ತುಂಬುವುದಿಲ್ಲ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೂರು ಸರಿಯಾಗಿ ಕೂರುತ್ತದೆ. ಓಪನ್ ವೋಲ್ಟೇಜ್ 111, 0 ಡಿಗ್ರಿಯಲ್ಲೂ 119 ದಾಟುವುದಿಲ್ಲ. ಕಾದಾಗಲೂ 80 ವೋಲ್ಟ್ ಇರುತ್ತದೆ. ಹಾಗಾಗಿ ಮೂರರ ಎರಡು ಸಾಲು, ಪ್ಯಾರಲಲ್‌ನಲ್ಲಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ. ನಿಮ್ಮ ಪ್ಯಾನೆಲ್‌ನ ಡೇಟಾಶೀಟ್ ಹಿಡಿದು, ನಿಮ್ಮ ಜಾಗದ ದಾಖಲೆಯ ಅತಿ ಕಡಿಮೆ ಉಷ್ಣಾಂಶ ಹಾಕಿ ಈ ಲೆಕ್ಕ ಮಾಡಿದ ಮೇಲೆಯೇ ಕಂಟ್ರೋಲರ್ ಕೊಳ್ಳಿ.

ಹಂತ 8: ಇನ್ವರ್ಟರ್

ಒಟ್ಟಿಗೆ ಓಡುವ ಉಪಕರಣಗಳನ್ನು ಕೂಡಿಸಿ. ನಮ್ಮಲ್ಲಿ ಪಂಪ್ ಸೇರಿ ಸಾವಿರ ವ್ಯಾಟ್‌ನಷ್ಟು. ಆದರೆ ಮೋಟಾರ್ ಶುರುವಾಗುವ ಕ್ಷಣದಲ್ಲಿ ಮೂರರಿಂದ ಆರು ಪಟ್ಟು ಎಳೆಯುತ್ತದೆ. 750 ವ್ಯಾಟ್‌ನ ಪಂಪ್ ಆ ಒಂದು ಕ್ಷಣಕ್ಕೆ 3,000 ವ್ಯಾಟ್ ಕೇಳಬಹುದು, ಅದಕ್ಕಿಂತ ಜಾಸ್ತಿಯೂ ಕೇಳಬಹುದು. ಹಾಗಾಗಿ 3,000 ವ್ಯಾಟ್‌ನ, ಕ್ಷಣಕಾಲ ಅದರ ಎರಡು ಪಟ್ಟು ತಾಳುವ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟ್‌ನಂಥದ್ದೇ ಅಲೆ ಕೊಡುವ) ಇನ್ವರ್ಟರ್ ತೆಗೆದುಕೊಳ್ಳಿ. ಸಾಫ್ಟ್ ಸ್ಟಾರ್ಟ್ ಇರುವ, ಅಂದರೆ ನಿಧಾನವಾಗಿ ವೇಗ ಹಿಡಿಯುವ ಪಂಪ್ ಕೊಂಡರೆ ಇನ್ವರ್ಟರ್ ಚಿಕ್ಕದಾದರೂ ನಡೆಯುತ್ತದೆ. ಬೇಕಾದ್ದಕ್ಕಿಂತ ತೀರಾ ದೊಡ್ಡದನ್ನು ಕೊಂಡರೆ ಅದು ಸುಮ್ನೆ ಕೂತು ತಿನ್ನುವುದೂ ಜಾಸ್ತಿ. ಡೇಟಾಶೀಟ್‌ನಲ್ಲಿ ಲೋಡ್ ಇಲ್ಲದಾಗಿನ ಬಳಕೆ ಎಷ್ಟು ಅಂತ ನೋಡದೆ ಕೊಳ್ಳಬೇಡಿ.

ಜನರೇಟರ್‌ನಿಂದಲೂ ಬ್ಯಾಟರಿ ತುಂಬಿಸುವ ಇನ್ವರ್ಟರ್-ಚಾರ್ಜರ್ ಆದರೆ ಇನ್ನೂ ವಾಸಿ. ವರ್ಷಕ್ಕೆ ನಾಲ್ಕೈದು ಕೆಟ್ಟ ದಿನಗಳಿಗಾಗಿ ಬ್ಯಾಟರಿ ದುಪ್ಪಟ್ಟು ಮಾಡುವುದಕ್ಕಿಂತ ಸಣ್ಣ ಜನರೇಟರ್ ಎರಡು ಗಂಟೆ ಓಡಿಸುವುದು ಅಗ್ಗ. ಜನರೇಟರ್ ಮಾತ್ರ ಯಾವತ್ತೂ ಹೊರಗೇ ಇರಬೇಕು, ಕಿಟಕಿಯಿಂದ ದೂರ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಹಂತ 9: ವೈರ್, ಫ್ಯೂಸ್, ಅರ್ಥಿಂಗ್

ವೈರ್ ದಪ್ಪ ಆರಿಸುವಾಗ ಎರಡು ಪ್ರಶ್ನೆ. ಆ ಆ್ಯಂಪಿಯರ್‌ಗೆ ವೈರ್ ಬಿಸಿಯಾಗುತ್ತದೆಯೇ? ದಾರಿಯಲ್ಲಿ ಎಷ್ಟು ವೋಲ್ಟೇಜ್ ಕಳೆದುಹೋಗುತ್ತದೆ? ಪ್ಯಾನೆಲ್‌ನಿಂದ ಕಂಟ್ರೋಲರ್‌ಗೆ 20 ಮೀಟರ್ ದೂರ ಇದೆ ಅನ್ನಿ. ಹೋಗಿ ಬರುವುದು ಸೇರಿ 40 ಮೀಟರ್ ವೈರ್. ಎರಡು ಸಾಲೂ ಸೇರಿ 26 ಆ್ಯಂಪಿಯರ್ ಹರಿಯುವಾಗ 6 ಚದರ ಮಿಲಿಮೀಟರ್ ತಾಮ್ರದ ವೈರ್‌ನಲ್ಲಿ 3 ವೋಲ್ಟ್ ಹೋಗುತ್ತದೆ, ಮೂರು ಪ್ಯಾನೆಲ್ ಸಾಲಿನ 93 ವೋಲ್ಟ್‌ನಲ್ಲಿ ಇದು ಶೇ 3ಕ್ಕಿಂತ ತುಸು ಜಾಸ್ತಿ. 10 ಚದರ ಮಿಲಿಮೀಟರ್ ಹಾಕಿದರೆ ಶೇ 2. ಶೇ 3ರ ಒಳಗಿರಲಿ. ಬ್ಯಾಟರಿಯಿಂದ ಇನ್ವರ್ಟರ್‌ಗೆ ವೈರ್ ಆದಷ್ಟು ಗಿಡ್ಡ ಇರಲಿ, 25ರಿಂದ 35 ಚದರ ಮಿಲಿಮೀಟರ್ ದಪ್ಪ ಇರಲಿ.

ಫ್ಯೂಸ್ ವಿಷಯದಲ್ಲಿ ಜಿಪುಣತನ ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆ್ಯಂಪಿಯರ್ ಹರಿಯಬಹುದು. ಸಾಮಾನ್ಯ ಫ್ಯೂಸ್ ಕರಗಿದ ಮೇಲೂ ಕಿಡಿ ಆರದೆ ಹರಿಯುತ್ತಲೇ ಇರುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಗೆ ತೀರಾ ಹತ್ತಿರದಲ್ಲಿ ಕ್ಲಾಸ್ ಟಿ ಫ್ಯೂಸ್ ಹಾಕಿ. ಇಂಥ ಭಾರಿ ಪ್ರವಾಹವನ್ನು ಕತ್ತರಿಸಲೆಂದೇ ಮಾಡಿದ್ದು ಅದು. ಡಿಸಿ ಕಡೆ ಎಲ್ಲ ಬ್ರೇಕರ್‌ಗಳೂ ಡಿಸಿಗೆಂದೇ ಮಾಡಿದವಾಗಿರಬೇಕು. ಎಸಿಯಲ್ಲಿ ಪ್ರವಾಹ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವು ಇಲ್ಲ. ಮನೆಯ ಎಸಿ ಬ್ರೇಕರ್ ತಂದು ಪ್ಯಾನೆಲ್ ಸಾಲಿಗೆ ಹಾಕಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಪ್ಯಾನೆಲ್ ಸಾಲು ಮೂರು ಅಥವಾ ಹೆಚ್ಚು ಪ್ಯಾರಲಲ್ ಇದ್ದರೆ ಪ್ರತಿ ಸಾಲಿಗೂ ಬೇರೆ ಫ್ಯೂಸ್ ಬೇಕು. ಎರಡೇ ಇದ್ದಾಗ ಸಾಮಾನ್ಯವಾಗಿ ಬೇಕಿಲ್ಲ.

ಪ್ಯಾನೆಲ್ ಫ್ರೇಮ್, ಸ್ಟ್ಯಾಂಡ್, ಇನ್ವರ್ಟರ್ ಬಾಡಿ ಎಲ್ಲಕ್ಕೂ ಅರ್ಥಿಂಗ್ ಕೊಡಿ. ಬಯಲಲ್ಲಿ ಒಂಟಿಯಾಗಿ ನಿಂತ ಕಟ್ಟಡಕ್ಕೆ ಸಿಡಿಲಿನ ಭಯ ಹೆಚ್ಚು, ಸರ್ಜ್ ಪ್ರೊಟೆಕ್ಟರ್ ಇರಲಿ. ಎಸಿ ಕಡೆಗೆ 30 ಮಿಲಿ ಆ್ಯಂಪಿಯರ್‌ನ ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಕಡ್ಡಾಯ ಅಂತಲೇ ಭಾವಿಸಿ. ಲೆಕ್ಕ, ಸ್ಟ್ಯಾಂಡ್, ಪ್ಯಾನೆಲ್ ಕೂರಿಸುವುದು ಇವೆಲ್ಲ ನೀವೇ ಮಾಡಬಹುದು. ಎಸಿ ವೈರಿಂಗ್ ಮತ್ತು ಅರ್ಥಿಂಗ್ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಲೆಡ್ ಆಸಿಡ್ ಇಟ್ಟವರು ಬ್ಯಾಟರಿ ಕೋಣೆಗೆ ಮೇಲ್ಭಾಗದಲ್ಲಿ ಗಾಳಿ ಕಿಂಡಿ ಬಿಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಗಾಳಿಯಲ್ಲಿ ಶೇ 4 ಆದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಂತ 10: ಜೋಡಿಸಿ ಚಾಲೂ ಮಾಡುವುದು

ಎರಡು ಬ್ಯಾಟರಿಗಳನ್ನು ಪ್ಯಾರಲಲ್ ಮಾಡುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ಇಲ್ಲದಿದ್ದರೆ ತುಂಬಿದ್ದು ಖಾಲಿ ಇದ್ದದ್ದರ ಕಡೆಗೆ ಒಮ್ಮೆಲೇ ನುಗ್ಗುತ್ತದೆ. ಎರಡಕ್ಕೂ ಒಂದೇ ಉದ್ದದ ಕೇಬಲ್ ಇರಲಿ. ಇಲ್ಲವಾದರೆ ಗಿಡ್ಡ ಕೇಬಲ್ ಇರುವುದೇ ಹೆಚ್ಚು ದುಡಿದು ಬೇಗ ಸವೆಯುತ್ತದೆ.

ಪ್ರತಿ ಜೋಡಣೆಯ ಮುಂಚೆ ಮಲ್ಟಿಮೀಟರ್‌ನಲ್ಲಿ ಪ್ಲಸ್, ಮೈನಸ್ ನೋಡಿ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಇದರ ಉಲ್ಟಾ. ಕಂಟ್ರೋಲರ್‌ನಲ್ಲಿ ಬ್ಯಾಟರಿ ಬಗೆ ಎಲ್‌ಎಫ್‌ಪಿ ಅಂತ ಸೆಟ್ ಮಾಡಿ, ಬ್ಯಾಟರಿ ಕಂಪನಿ ಕೊಟ್ಟ ವೋಲ್ಟೇಜ್‌ಗಳನ್ನೇ ಹಾಕಿ. ಬಿಸಿಲಲ್ಲಿ ಕರೆಂಟ್ ಹರಿಯುತ್ತಿರುವಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರ್ ತುದಿಯ ಜೋಡಣೆ) ಎಳೆಯಬೇಡಿ, ಕಿಡಿ ಹಾರಿ ಕೈ ಸುಡುತ್ತದೆ. ಮೊದಲು ಸ್ವಿಚ್ ಆಫ್ ಮಾಡಿ. ಬೇರೆ ಬೇರೆ ಕಂಪನಿಯ ಎಂಸಿ4 ಒಂದಕ್ಕೊಂದು ಕೂತ ಹಾಗೆ ಕಂಡರೂ ಒಳಗೆ ಸಡಿಲ ಇರಬಹುದು. ಒಂದೇ ಕಂಪನಿಯ ಜೋಡಿ ಬಳಸಿ.

ಷಂಟ್ (ಹರಿಯುವ ಕರೆಂಟ್ ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಒಂದನ್ನು ಹಾಕಿಸಿಕೊಳ್ಳಿ. ಎಲ್‌ಎಫ್‌ಪಿಯ ವೋಲ್ಟೇಜ್ ಶೇ 80ರಿಂದ 30ರವರೆಗೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಷಂಟ್ ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಎಣಿಸುತ್ತದೆ.

ಒಂದು ತಿಂಗಳಾದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಕಂಪನಿ ಹೇಳಿದ ಬಿಗಿಗೆ ಮತ್ತೊಮ್ಮೆ ಬಿಗಿಮಾಡಿ. ಸಡಿಲವಾದ ಒಂದು ತುದಿ ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುವಷ್ಟು ಹೋಗಬಹುದು.

ಕ್ಯಾಬಿನ್ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವವರು ಇನ್ವರ್ಟರ್ ಆಫ್ ಮಾಡಿ, ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ. ಲೆಡ್ ಆಸಿಡ್ ಆದರೆ ಪ್ಯಾನೆಲ್ ಜೋಡಿಸಿಯೇ ಇರಲಿ, ಅದಕ್ಕೆ ತುಂಬಿಕೊಂಡೇ ಇರುವುದು ಇಷ್ಟ. ಎಲ್‌ಎಫ್‌ಪಿಯನ್ನು ಅರ್ಧದಷ್ಟು ತುಂಬಿಸಿ, ಬ್ಯಾಟರಿಯ ಮೇಲಿನ ಸ್ವಿಚ್‌ನಲ್ಲೇ ಆಫ್ ಮಾಡಿ. ಆದರೆ ಮೊದಲು ಪ್ಯಾನೆಲ್ ಸ್ವಿಚ್ ಆಫ್ ಆಗಿರಬೇಕು. ತಳಕ್ಕೆ ಇಳಿದ ಲಿಥಿಯಂ ಬ್ಯಾಟರಿಯನ್ನು ಹಾಗೇ ಬಿಟ್ಟು ಹೋದರೆ ಬಿಎಂಎಸ್ ಉಳಿದದ್ದನ್ನೂ ಸ್ವಲ್ಪ ಸ್ವಲ್ಪವೇ ಹೀರುತ್ತದೆ, ಆಮೇಲೆ ಅದು ಚಾರ್ಜ್ ತೆಗೆದುಕೊಳ್ಳದೆ ಇರಬಹುದು. ಇಲಿಗಳು ವೈರ್ ಕಡಿಯುವ ಜಾಗವಾದರೆ ಹೊರಡುವ ಮುಂಚೆ ಕೇಬಲ್ ಒಳಬರುವ ತೂತುಗಳನ್ನು ಸ್ಟೀಲ್ ಜಾಲರಿ ತುರುಕಿ ಮುಚ್ಚಿ.